ರೊಕ್ಕ ನಿಂತರೆ ಎಷ್ಟು ದಿನ? ಬೆಳಗಾವಿ ಕಡೆಯ ಸಣ್ಣ ಧಂದೆಗೆ ಒಂದು ಲೆಕ್ಕ

2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಧರಣಿ ಕೂತರು. ಟನ್ನಿಗೆ 3,500 ರೂಪಾಯಿ ಬೇಕು ಎಂಬುದು ಅವರ ಬೇಡಿಕೆ. ಒಂದು ವಾರ ದಾಟಿದ ಮೇಲೆ, ನವೆಂಬರ್‌ನಲ್ಲಿ, 3,300ಕ್ಕೆ ಮಾತು ನಿಂತಿತು. ಟಿವಿಯಲ್ಲಿ ರೈತರು ಕಂಡರು, ಕಾರ್ಖಾನೆಗಳು ಕಂಡವು, ಮಂತ್ರಿಗಳು ಕಂಡರು. ಅಂಗಡಿಯವರು ಕಾಣಲಿಲ್ಲ.

ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ಆ ದಿನಗಳಲ್ಲಿ ನನ್ನ ಮುಂದೆ ಇದ್ದದ್ದು ಗೋಕಾಕ ಕಡೆಯ ಒಂದು ಟಯರ್ ಅಂಗಡಿಯ ಕಿರ್ದಿ. ಕಬ್ಬು ಹೊರಡಲಿಲ್ಲ ಎಂದರೆ ಟ್ರ್ಯಾಕ್ಟರ್ ಓಡುವುದಿಲ್ಲ. ಟ್ರ್ಯಾಕ್ಟರ್ ಓಡದಿದ್ದರೆ ಟಯರ್ ಸವೆಯುವುದಿಲ್ಲ. ಅದಕ್ಕಿಂತ ದೊಡ್ಡದು, ಹಿಂದಿನ ವರ್ಷದ ಉದ್ರಿ ವಾಪಸ್ ಬರುವುದಿಲ್ಲ. ಏಕೆಂದರೆ ಆ ಭಾಗದಲ್ಲಿ ಎಲ್ಲ ಉದ್ರಿಗೂ ಒಂದೇ ಮುದ್ದತು: "ಕಬ್ಬಿನ ಬಿಲ್ ಬಂದ ಮ್ಯಾಲೆ ಕೊಡ್ತೀನ್ರಿ." ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಎಲ್ಲ ಕಡೆ ಕಿರಾಣಿ, ಬಟ್ಟೆ, ಬಂಗಾರ, ಸಿಮೆಂಟು, ಶಾಲೆಯ ಫೀ, ಎಲ್ಲ ಆ ಒಂದೇ ಬಿಲ್ಲಿಗೆ ಗಂಟು ಬಿದ್ದಿವೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ ತಡವಾದಾಗ ಆ ಬಡ್ಡಿ ಕೇಳುವ ಹಕ್ಕು ರೈತನಿಗಿದೆ. ಟಯರ್ ಅಂಗಡಿಯವನಿಗೆ ಅಂಥದ್ದೇನೂ ಇಲ್ಲ.

"ಕಾಲ ಸರಿ ಇಲ್ಲ, ಮುಂದೇನು ಮಾಡೋಣ?" ಈ ಪ್ರಶ್ನೆಯನ್ನು ನನಗೆ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಬಯಸುವುದು ಒಂದು ಭವಿಷ್ಯ. ಮುಂದಿನ ವರ್ಷ ಸ್ಕ್ರ್ಯಾಪ್ ರೇಟು ಏರುತ್ತದೋ ಇಳಿಯುತ್ತದೋ, ಅಮೆರಿಕದ ಸುಂಕ ಏನಾಗುತ್ತದೆ, ಮಳೆ ಹೇಗೆ. ಅದನ್ನು ನಾನು ಹೇಳಲಾರೆ. ಹೇಳುತ್ತೇನೆ ಎನ್ನುವವರನ್ನು ನಂಬಿ ರೊಕ್ಕ ಹಾಕಬೇಡಿ ಎಂದು ಮಾತ್ರ ಹೇಳಬಲ್ಲೆ. ಆದರೆ ಹಿಂದೆ ತಿರುಗಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ನಿಂತವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅದರ ಒಳಿತು ಕೆಡುಕು ಬೇರೆ ಮಾತು, ಮೊದಲ ಕೆಲವು ತಿಂಗಳು ಬಿಲ್ ಹೇಗೆ ಮಾಡಬೇಕು ಎಂಬುದೇ ನಮ್ಮ ಪೇಟೆಗಳಿಗೆ ತಿಳಿಯಲಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಂದವು. ಗೋಕಾಕದ ಪೇಟೆಯೊಳಗೆ ನೀರು ನಿಂತಿತು. ನೇಕಾರರ ಮನೆಗಳಲ್ಲಿ ಮಗ್ಗದ ಗುಂಡಿ ತುಂಬಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ರಲ್ಲಿ ಬರ. 2025ರಲ್ಲಿ ಅಮೆರಿಕದ ಸುಂಕ: ಏಪ್ರಿಲ್‌ನಲ್ಲಿ ಶೇ 26 ಎಂದರು, ವಾರದೊಳಗೆ ತಡೆದರು, ಆಗಸ್ಟ್ 7ಕ್ಕೆ ಶೇ 25 ಹಾಕಿದರು, ಆಗಸ್ಟ್ 27ಕ್ಕೆ ಬಹಳಷ್ಟು ಸರಕಿನ ಮೇಲೆ ಶೇ 50 ಮಾಡಿದರು.

ಎಣಿಸಿ. ಒಂಬತ್ತು ವರ್ಷದಲ್ಲಿ ಆರು ಪೆಟ್ಟು. ಸುಮಾರು ಒಂದೂವರೆ ವರ್ಷಕ್ಕೆ ಒಂದು. ಇವುಗಳಲ್ಲಿ ಒಂದನ್ನೂ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕೂತ ಯಾರೂ ಮೊದಲೇ ಹೇಳಲಿಲ್ಲ. ಆದರೆ "ಏನೋ ಒಂದು ಬರುತ್ತದೆ" ಎಂಬುದನ್ನು ಯಾರು ಬೇಕಾದರೂ ಹೇಳಬಹುದಿತ್ತು ಅಲ್ವಾ? ಇನ್ನೊಂದು ಮಾತಿದೆ, ಅದು ಇದಕ್ಕಿಂತ ಮುಖ್ಯ. ಪೆಟ್ಟುಗಳು ಬೇರೆ ಬೇರೆ, ಆದರೆ ನಾನು ಬರೆದ ಪುಸ್ತಕಗಳಲ್ಲಿ ಅವೆಲ್ಲ ಒಂದೇ ಥರ ಕಾಣುತ್ತವೆ. ಜಮಾ ಕಡೆಯ ಕಾಲಂ ಎರಡು ಮೂರು ತಿಂಗಳು ಖಾಲಿ ಹೋಗುತ್ತದೆ. ಖರ್ಚಿನ ಕಾಲಂ ಖಾಲಿ ಹೋಗುವುದಿಲ್ಲ. ಅಷ್ಟೇ. ಆ ಮೂರು ತಿಂಗಳು ದಾಟಿದವರು ಉಳಿದರು. ದಾಟದವರ ಪೈಕಿ ಕೆಲವರ ಕೆಲಸ ನಿಜಕ್ಕೂ ಚೊಕ್ಕ ಇತ್ತು, ಆರ್ಡರ್ ಕೂಡ ಇತ್ತು. ಮುಗಿದದ್ದು ಕೈಯಲ್ಲಿನ ರೊಕ್ಕ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ವಿಜಯಪುರ, ಬಾಗಲಕೋಟೆ ಕಡೆ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ಆಳಕ್ಕೆ ತೋಡಿ, ಸುತ್ತ ಕಣಿಕೆ, ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಹಾಕುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಯಾವ ವರ್ಷ ಬರುತ್ತದೆ ಎಂದು ಅವರು ಯಾರನ್ನೂ ಕೇಳಲಿಲ್ಲ. ಬೆಳೆ ಬಂದ ವರ್ಷ ತುಂಬಿದರು. ಎಷ್ಟು ಬಾಯಿ, ಎಷ್ಟು ದಿನ ಎಂಬ ಲೆಕ್ಕ ಅವರಿಗಿತ್ತು. ನಾನು ಮುಂದಾಲೋಚನೆ ಎನ್ನುವುದು ಈ ಲೆಕ್ಕಕ್ಕೆ. ಧಂದೆಗೂ ಅದೇ ಪ್ರಶ್ನೆ: ಇವತ್ತು ಬರುವ ರೊಕ್ಕ ನಿಂತರೆ ನೀವು ಎಷ್ಟು ದಿನ?

ದಿನ ಎಣಿಸುವುದು ಹೇಗೆ

ಉದ್ಯಮಬಾಗ ಅಥವಾ ಮಚ್ಛೆಯ ಒಂದು ಸಣ್ಣ ಮಶೀನ್ ಶಾಪ್ ಎಂದುಕೊಳ್ಳಿ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್ (ಎರಕದ ಭಾಗ) ಅನ್ನು ಸಿಎನ್‌ಸಿ ಎಂಬ ಕಂಪ್ಯೂಟರ್ ಮಶೀನಿನ ಮೇಲೆ ಹಾಕಿ ಮಶೀನಿಂಗ್ ಮಾಡಿ ಕೊಡುವ ಜಾಬ್ ವರ್ಕ್. ಅಂಕಿಗಳನ್ನು ನಾನು ಲೆಕ್ಕಕ್ಕೆ ಸುಲಭವಾಗಲಿ ಎಂದು ಇಟ್ಟಿದ್ದೇನೆ, ಆದರೆ ಇಂಥ ಶಾಪ್ ನಡೆಸುವವರಿಗೆ ಇವು ಪರಿಚಿತ ಅನಿಸಬೇಕು.

ತಿಂಗಳಿಗೆ ಪಗಾರ 1,40,000. ಬಾಡಿಗೆ 30,000. ಕರೆಂಟ್ 45,000. ಮಶೀನ್ ಸಾಲದ ಕಂತು 85,000. ಸಿಸಿ ಖಾತೆಯ (ಕ್ಯಾಶ್ ಕ್ರೆಡಿಟ್, ಮಿತಿಯೊಳಗೆ ಬೇಕಾದಾಗ ಎತ್ತುವ ಬ್ಯಾಂಕ್ ಸಾಲ) ಬಡ್ಡಿ 15,000. ಮನೆ ಖರ್ಚಿಗೆ ಎತ್ತುವುದು 40,000. ಫೋನು, ಲೆಕ್ಕ, ಚಹಾ ಎಲ್ಲ ಸೇರಿ 5,000. ಒಟ್ಟು 3,60,000. ದಿನಕ್ಕೆ 12,000. ಟೂಲ್, ಇನ್ಸರ್ಟ್, ಕೂಲಂಟ್ ಬೇರೆ, ಅವು ಕೆಲಸ ಓಡಿದರೆ ಮಾತ್ರ ಬರುವ ಖರ್ಚು.

ಬ್ಯಾಂಕಿನಲ್ಲಿ ಇರುವುದು 90,000. ಸಿಸಿಯಲ್ಲಿ ಇನ್ನೂ ಎತ್ತಬಹುದಾದದ್ದು 2,70,000. ಎರಡೂ ಸೇರಿದರೆ 3,60,000, ಅಂದರೆ 30 ದಿನ. ಆದರೆ ಸಿಸಿಯ ಮಿತಿ ನಿಮ್ಮ ರೊಕ್ಕ ಅಲ್ಲ, ಬ್ಯಾಂಕಿನದು. ಸ್ಟಾಕ್ ಮತ್ತು ಬಾಕಿ ಕಡಿಮೆಯಾದರೆ ಎತ್ತುವ ಮಿತಿಯೂ ಇಳಿಯುತ್ತದೆ. ಕೆಲಸ ಕಡಿಮೆಯಾದ ತಿಂಗಳಲ್ಲೇ ಅದು ಕೈಕೊಡುತ್ತದೆ. ಸ್ವಂತ ರೊಕ್ಕ ಮಾತ್ರ ಎಣಿಸಿದರೆ 90,000 ಭಾಗಿಸು 12,000, ಏಳೂವರೆ ದಿನ.

ಈ ಅಂಕಿ ಮೊದಲ ಸಲ ಹೇಳಿದಾಗ ಎದುರಿಗೆ ಕೂತವರು ಸುಮ್ಮನಾಗುತ್ತಾರೆ. ಆಮೇಲೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಹಂಗಲ್ರೀ, ಹದಿನೈದು ಲಕ್ಷ ಬರೂದೈತಿ. ಬರಾಕ ತಡಾ ಆಗೈತಿ ಅಷ್ಟ."

ಆ ಹದಿನೈದು ಲಕ್ಷವನ್ನೇ ನೋಡೋಣ. ತಿಂಗಳಿಗೆ 6 ಲಕ್ಷ ಬಿಲ್ ಆಗುತ್ತದೆ, ರೊಕ್ಕ ಸರಾಸರಿ 75 ದಿನಕ್ಕೆ ಬರುತ್ತದೆ ಎಂದುಕೊಳ್ಳಿ. ದಿನಕ್ಕೆ 20,000ದಂತೆ 75 ದಿನಕ್ಕೆ 15 ಲಕ್ಷ ಯಾವಾಗಲೂ ಹೊರಗೆ ಕೂತಿರುತ್ತದೆ. ಅದೇ ರೊಕ್ಕ 60 ದಿನಕ್ಕೆ ಬರುವಂತಾದರೆ ಹೊರಗೆ ಕೂರುವುದು 12 ಲಕ್ಷ. 3 ಲಕ್ಷ ಕೈಗೆ ಬಂತು. ದಿನಕ್ಕೆ 12,000 ಖರ್ಚಿನಲ್ಲಿ ಅದು 25 ದಿನ. ಹೊಸ ಗಿರಾಕಿ ಹುಡುಕಲಿಲ್ಲ, ರೇಟು ಏರಿಸಲಿಲ್ಲ, ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಏಳೂವರೆ ದಿನ ಇದ್ದದ್ದು ಮೂವತ್ತೆರಡೂವರೆ ಆಯಿತು. ಸೇಲ್ಸ್ ಹೆಚ್ಚಿಸುವ ಬಗ್ಗೆ ಜನ ಮಾತಾಡುವಷ್ಟು ವಸೂಲಿ ದಿನ ಇಳಿಸುವ ಬಗ್ಗೆ ಮಾತಾಡುವುದಿಲ್ಲ. ನನಗೆ ಅದು ನಿಜಕ್ಕೂ ಬೇಸರ ತರುತ್ತದೆ. ಸೇಲ್ಸ್ ಹೆಚ್ಚಾದರೆ ಹೊರಗೆ ಕೂರುವ ರೊಕ್ಕವೂ ಹೆಚ್ಚಾಗುತ್ತದೆ. ಬಿಲ್ ಹರಿದ ಮರುತಿಂಗಳೇ ಜಿಎಸ್‌ಟಿ ಕಟ್ಟಬೇಕು, ಗಿರಾಕಿ ಕೊಟ್ಟಿರಲಿ ಬಿಡಲಿ. ಆರ್ಡರ್ ತುಂಬಿ ತುಳುಕುವಾಗಲೇ ಶಾಪ್ ಮುಳುಗಿದ್ದನ್ನು ನಾನು ಕಂಡಿದ್ದೇನೆ.

ನನ್ನ ಅಂದಾಜಿಗೆ ಗುರಿ 90 ದಿನ ಇರಲಿ. ಆರು ಪೆಟ್ಟುಗಳಲ್ಲೂ ನಾನು ನೋಡಿದ ಖಾಲಿ ಕಾಲಂ ಹೆಚ್ಚೂ ಕಡಿಮೆ ಅಷ್ಟೇ ಉದ್ದ. ಒಂದೇ ವರ್ಷದಲ್ಲಿ ಅಲ್ಲಿಗೆ ಮುಟ್ಟುವುದು ಕಷ್ಟ. ಏಳರಿಂದ ಮೂವತ್ತಕ್ಕೆ ಹೋದರೂ ನಿದ್ದೆ ಬರುತ್ತದೆ.

ಉದ್ರಿ ಕೇಳುವ ಹಕ್ಕು

ವಸೂಲಿ ಎಂದ ಕೂಡಲೇ ಹೆದರಿಕೆ ಬರುತ್ತದೆ. ಜೋರು ಮಾಡಿದರೆ ಕೆಲಸ ಪಕ್ಕದ ಶಾಪಿಗೆ ಹೋಗುತ್ತದೆ. ಈ ಹೆದರಿಕೆ ಸುಳ್ಳಲ್ಲ. ಆದರೆ ಕಾನೂನಿನಲ್ಲಿ ಏನಿದೆ ಎಂಬುದನ್ನು ತಿಳಿದು ಹೆದರುವುದು ಬೇರೆ, ತಿಳಿಯದೇ ಹೆದರುವುದು ಬೇರೆ.

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾನೂನಿನ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಕರಾರು ಇದ್ದರೂ 45 ದಿನ ಮೀರದಂತೆ ರೊಕ್ಕ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ಬಹಳ ವರ್ಷ ಕಾಗದದ ಮೇಲೇ ಇತ್ತು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಒಂದು ನಿಯಮ ಇದಕ್ಕೆ ಹಲ್ಲು ಕೊಟ್ಟಿತು. ಆ ಮುದ್ದತಿನೊಳಗೆ ಕೊಡದಿದ್ದರೆ ಆ ಖರ್ಚನ್ನು ದೊಡ್ಡ ಗಿರಾಕಿ ಆ ವರ್ಷದ ಲೆಕ್ಕದಲ್ಲಿ ತೋರಿಸುವಂತಿಲ್ಲ. ರೊಕ್ಕ ಕೊಟ್ಟ ವರ್ಷವೇ ತೋರಿಸಬೇಕು. ಅಂದರೆ ತಡ ಮಾಡಿದರೆ ಅವರಿಗೇ ತೆರಿಗೆ ಜಾಸ್ತಿ.

ಇದು ಮೈಕ್ರೋ ಮತ್ತು ಸ್ಮಾಲ್ ಉದ್ಯಮಗಳಿಗೆ ಮಾತ್ರ. ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರಬೇಕು. ಜಾಬ್ ವರ್ಕ್ ಮಾಡುವವರಿಗೆ ಸಿಗುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಸಿಗುವುದಿಲ್ಲ, ಉದ್ಯಮ್ ನಂಬರ್ ಇದ್ದರೂ. ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಯವರು ಇದನ್ನು ನಂಬಿ ಕೂರಬಾರದು.

ಮಾಡಬೇಕಾದದ್ದು ದೊಡ್ಡದೇನಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಮುದ್ರಿಸಿ. ಪರ್ಚೇಸ್ ಆರ್ಡರ್‌ನಲ್ಲಿ "45 ದಿನ" ಎಂಬ ಮಾತು ಬರುವಂತೆ ಕೇಳಿ. ಫೆಬ್ರುವರಿಯಲ್ಲಿ, ಬಾಕಿ ಪಟ್ಟಿಯನ್ನು ನಂಬರ್ ಸಮೇತ ಗಿರಾಕಿಯ ಅಕೌಂಟ್ಸ್ ವಿಭಾಗಕ್ಕೆ ಕಳಿಸಿ. ಮಾಲೀಕರಿಗೆ ಕಳಿಸಬೇಡಿ, ಲೆಕ್ಕ ನೋಡುವವರಿಗೆ ಕಳಿಸಿ. ಮಾರ್ಚ್ ಕೊನೆಯ ಚಿಂತೆ ಅವರಿಗೇ ಇರುತ್ತದೆ. ಜಗಳ ಇಲ್ಲದೆ ಬರುವ ರೊಕ್ಕ ಇದು. ವರ್ಷಕ್ಕೆ 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿ ನಿಮ್ಮ ಗಿರಾಕಿಯಾಗಿದ್ದರೆ ಇನ್ನೊಂದು ದಾರಿ ಇದೆ. ಅಂಥವರು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್ ಎಂಬ ವೇದಿಕೆಯಲ್ಲಿ ನೋಂದಾಯಿಸಬೇಕಿತ್ತು. ಅಲ್ಲಿ ಗಿರಾಕಿ ನಿಮ್ಮ ಬಿಲ್ ಒಪ್ಪಿಕೊಂಡರೆ ಬ್ಯಾಂಕುಗಳು ಸ್ವಲ್ಪ ಕಡಿತ ಮಾಡಿ ರೊಕ್ಕವನ್ನು ಮೊದಲೇ ಕೊಡುತ್ತವೆ. ಆಮೇಲೆ ಗಿರಾಕಿ ಕೊಡದಿದ್ದರೂ ಬ್ಯಾಂಕು ನಿಮ್ಮ ಬೆನ್ನು ಹತ್ತುವಂತಿಲ್ಲ.

ಒಬ್ಬನೇ ಗಿರಾಕಿ

ಹದಿನೈದು ಲಕ್ಷದ ಬಾಕಿಯಲ್ಲಿ ಒಂಬತ್ತು ಲಕ್ಷ ಒಬ್ಬನೇ ಗಿರಾಕಿಯದ್ದಾಗಿದ್ದರೆ? ನಮ್ಮಲ್ಲಿ ಇದು ಬಹಳ ಸಾಮಾನ್ಯ. ಒಂದು ಫೌಂಡ್ರಿಯ ಹಿಂದೆ ಹತ್ತು ಮಶೀನ್ ಶಾಪ್, ಅವುಗಳ ಹಿಂದೆ ಪ್ಯಾಟರ್ನ್ ಮಾಡುವವರು, ಟೆಂಪೋದವರು, ಪೇಂಟಿಂಗ್ ಮಾಡುವವರು. ಡಾಲರ್ ಮುಖ ನೋಡದ ಮನುಷ್ಯನಿಗೂ ಅಮೆರಿಕದ ಸುಂಕ ಹೀಗೆ ತಟ್ಟುತ್ತದೆ. ಉಕ್ಕು, ಅಲ್ಯೂಮಿನಿಯಂ ಮೇಲೆ ಅವರು 2025ರ ಜೂನ್ 4ರಿಂದಲೇ ಶೇ 50 ಹಾಕಿದ್ದರು. ಮೇಲಿನವನ ಎಕ್ಸ್‌ಪೋರ್ಟ್ ಆರ್ಡರ್ ತಡವಾದರೆ ಕೆಳಗಿನವನ ಪೇಮೆಂಟ್ ತಡವಾಗುತ್ತದೆ. ಹಾಗಾಗಿ ನಿಮ್ಮ ಗಿರಾಕಿ ಯಾರು ಎಂಬುದಷ್ಟೇ ಗೊತ್ತಿದ್ದರೆ ಸಾಲದು, ನಿಮ್ಮ ಗಿರಾಕಿಯ ಗಿರಾಕಿ ಯಾರು ಎಂಬುದನ್ನೂ ಕೇಳಿ ತಿಳಿಯಿರಿ. ಆ ಪಾರ್ಟ್ ಟ್ರ್ಯಾಕ್ಟರಿಗೆ ಹೋಗುತ್ತದೋ, ಪಂಪಿಗೋ, ಹೈಡ್ರಾಲಿಕ್ಸಿಗೋ, ಹಡಗು ಹತ್ತುತ್ತದೋ? ಚಹಾ ಕುಡಿಯುತ್ತ ಕೇಳಿದರೆ ಹೇಳುತ್ತಾರೆ.

ರಬಕವಿ-ಬನಹಟ್ಟಿಯಲ್ಲಿ ಕೂಲಿ ಮೇಲೆ ನೇಯುವ ಪವರ್‌ಲೂಮ್‌ನವರದ್ದೂ ಇದೇ ಕಥೆ. ಬೀಮು (ಹಾಸುನೂಲು ಸುತ್ತಿದ ಉರುಳೆ), ನೂಲು ಎಲ್ಲ ಒಬ್ಬ ಸಾವುಕಾರನದು. ಅವನು ಬೀಮು ಕೊಡುವುದು ನಿಲ್ಲಿಸಿದ ದಿನ ಮಗ್ಗ ನಿಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕೃತಕ ನೂಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಸ್ವಂತ ನೂಲು ಕೊಂಡು ನೇಯುವವರಿಗೆ ಕೈಯಿಂದ ಹಾಕಬೇಕಾದ ರೊಕ್ಕ ಅಷ್ಟು ಕಡಿಮೆ. ಎಂಟು ಮಗ್ಗದಲ್ಲಿ ಆರು ಕೂಲಿಗೆ ಬಿಟ್ಟು, ಎರಡರಲ್ಲಿ ಸ್ವಂತ ಮಾಲು ನೇಯ್ದು ಇನ್ನೊಬ್ಬ ವ್ಯಾಪಾರಿಗೆ ಕೊಟ್ಟು ನೋಡಲು ಇದು ಒಳ್ಳೆಯ ಹೊತ್ತು ಎಂಬುದು ನನ್ನ ಅಭಿಪ್ರಾಯ. ಲಾಭ ಮೊದಮೊದಲು ಕಡಿಮೆಯೇ. ಆದರೆ ಎರಡನೇ ಬಾಗಿಲು ತೆರೆದಂತಾಯಿತು.

ದ್ರಾಕ್ಷಿಯವರ ಲೆಕ್ಕ ಬೇರೆ ಥರ. ವಿಜಯಪುರದ ತಿಕೋಟಾ, ಬಬಲೇಶ್ವರ ಕಡೆ ಅಕ್ಟೋಬರ್‌ನಲ್ಲಿ ಚಾಟ್ನಿ (ಬಳ್ಳಿ ಕತ್ತರಿಸುವುದು) ಮಾಡಿದರೆ ಹಣ್ಣು ಬರುವುದು ಫೆಬ್ರುವರಿ, ಮಾರ್ಚ್‌ಗೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮನೂಕ, ಅಂದರೆ ಒಣದ್ರಾಕ್ಷಿ. ಶೆಡ್ಡಿನಲ್ಲಿ ಒಣಗುವಾಗ ಅಕಾಲ ಮಳೆ ಬಂದರೆ ಬಣ್ಣ ಹೋಗುತ್ತದೆ, ರೇಟು ಬೀಳುತ್ತದೆ. ಒಣಗಿದ ಮೇಲೆ ಕೋಲ್ಡ್ ಸ್ಟೋರೇಜ್. ಅಲ್ಲಿಂದ ಶುರುವಾಗುತ್ತದೆ ಕಾಯುವುದು. ರೇಟು ಏರುತ್ತದೆ ಎಂದು ಪೂರ್ತಿ ಮಾಲನ್ನು ದೀಪಾವಳಿವರೆಗೆ ಇಟ್ಟುಕೊಂಡು, ನಡುವೆ ಔಷಧಿ ಅಂಗಡಿಯ ಸಾಲಕ್ಕೆ ಬಡ್ಡಿ ಕಟ್ಟುತ್ತ ಹೋದವರು ಎಷ್ಟೋ ಜನ. ಸ್ಟೋರೇಜ್ ಬಾಡಿಗೆ, ಸಾಲದ ಬಡ್ಡಿ ಎರಡನ್ನೂ ತಿಂಗಳ ಲೆಕ್ಕದಲ್ಲಿ ಒಂದು ಕಿಲೋಗೆ ಹಂಚಿ ನೋಡಿ. ರೇಟು ಅದಕ್ಕಿಂತ ವೇಗವಾಗಿ ಏರಿದರೆ ಮಾತ್ರ ಕಾದದ್ದಕ್ಕೆ ಅರ್ಥ. ನಾನು ಹೇಳುವುದು, ಸಾಲದ ಅಸಲು ತೀರುವಷ್ಟು ಮಾಲನ್ನು ಮೊದಲು ಮಾರಿಬಿಡಿ. ಉಳಿದದ್ದನ್ನು ಕಾಯಿರಿ. ಆಗ ಕಾಯುವುದು ಧೈರ್ಯದಿಂದ, ಒತ್ತಡದಿಂದ ಅಲ್ಲ.

ನೀರು ಬರುವ ಊರಿನಲ್ಲಿ ಗೋಡೆ ಕಟ್ಟುವುದು

ಬಾಗಲಕೋಟೆ ಜಿಲ್ಲೆಯವರಿಗೆ ಅನಿಶ್ಚಿತತೆ ಎಂಬುದನ್ನು ನಾನು ಕಲಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಪೇಟೆಯನ್ನೇ ನುಂಗಿತು, ವ್ಯಾಪಾರ ನವನಗರಕ್ಕೆ ಬಂತು. ಈಗ ಅಣೆಕಟ್ಟೆಯ ಮಟ್ಟ 519.60 ಮೀಟರ್. 524.256ಕ್ಕೆ ಏರಿಸಬಹುದು ಎಂದು ಕೃಷ್ಣಾ ಎರಡನೇ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಪರಿಹಾರ ಎಂದು ತೀರ್ಮಾನಿಸಿತು. ಈ ನಡುವೆ ಹದಿನೈದು ವರ್ಷ. ಮುಳುಗಡೆ ಪಟ್ಟಿಯ ಊರಿನಲ್ಲಿ ಅಂಗಡಿ ಇಟ್ಟವರು ಮಾಳಿಗೆ ಏರಿಸಬೇಕೋ ಬೇಡವೋ ಎಂದು ಇಷ್ಟು ವರ್ಷ ಕಾದರು.

ಅಂಥ ಕಡೆ ಧಂದೆ ಮಾಡುವವರಿಗೆ ಒಂದೇ ಮಾತು. ಎತ್ತಿಕೊಂಡು ಹೋಗಬಹುದಾದದ್ದರ ಮೇಲೆ ರೊಕ್ಕ ಹಾಕಿ. ಮಶೀನು, ರ‍್ಯಾಕು, ಗಾಡಿ, ಗಿರಾಕಿಗಳ ಫೋನ್ ನಂಬರ್ ಬರೆದ ಪುಸ್ತಕ. ಗೋಡೆಗೆ, ಫರಸಿಗೆ ಬೇಡ. ಇನ್ನೊಂದು ಎಚ್ಚರ. ಪರಿಹಾರದ ರೊಕ್ಕ ಬಂದಾಗ ಪೇಟೆಯಲ್ಲಿ ಬೈಕು, ಬಂಗಾರ, ಬಟ್ಟೆ ಜೋರಾಗಿ ಮಾರುತ್ತದೆ. ಅದು ಒಮ್ಮೆ ಬರುವ ನೀರು. ಅದನ್ನು ನೋಡಿ ಎರಡನೇ ಅಂಗಡಿ ತೆರೆದು ಸಾಲ ಮಾಡಿಕೊಂಡರೆ ಮುಂದಿನ ವರ್ಷ ಕಂತು ಇರುತ್ತದೆ, ಗಿರಾಕಿ ಇರುವುದಿಲ್ಲ.

ಹೊಳೆಯ ನೀರಿನ ಮಾತು ಬಂದದ್ದಕ್ಕೆ ವಿಮೆಯನ್ನೂ ಹೇಳಿಬಿಡುತ್ತೇನೆ. ಸಿಸಿ ಸಾಲ ಇದ್ದವರ ಸ್ಟಾಕಿಗೆ ಬ್ಯಾಂಕಿನವರೇ ವಿಮೆ ಮಾಡಿಸಿರುತ್ತಾರೆ. ಆ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ. ಹಳೆಯ ಗೋಡೌನಿನ ವಿಳಾಸ ಇರುತ್ತದೆ, ಐದು ವರ್ಷದ ಹಿಂದಿನ ಮೊತ್ತ ಇರುತ್ತದೆ. ಮಾಲು ಹತ್ತು ಲಕ್ಷದ್ದು, ವಿಮೆ ನಾಲ್ಕು ಲಕ್ಷದ್ದು. ಐದು ಕೋಟಿವರೆಗಿನ ಆಸ್ತಿಗೆ 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಇದೆ, ಪ್ರವಾಹವೂ ಅದರೊಳಗೆ ಬರುತ್ತದೆ. ಘಟಪ್ರಭೆಯ ದಂಡೆಯವರು ಜೂನ್‌ಗೆ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಸಾಲ, ಮತ್ತು ಹಗೇವು ಎಲ್ಲಿ ಇಡಬೇಕು

ಸಾಲವನ್ನು ಕೈಯಲ್ಲಿ ರೊಕ್ಕ ಇದ್ದಾಗ ಕೇಳಬೇಕು. ಕೇಳಲು ವಿಚಿತ್ರ ಅನಿಸಬಹುದು. ಆದರೆ ಬ್ಯಾಂಕು ನೋಡುವುದು ಹಿಂದಿನ ಹನ್ನೆರಡು ತಿಂಗಳ ವಹಿವಾಟು. ಚೆನ್ನಾಗಿ ಓಡುವಾಗ ಸಿಸಿ ಮಿತಿ ಏರಿಸಿಕೊಂಡು, ಅದನ್ನು ಮುಟ್ಟದೆ ಇಡಿ. ಸಿಸಿ ರೊಕ್ಕದಿಂದ ಮಶೀನು ಕೊಳ್ಳಬೇಡಿ. ನಾನು ನೋಡಿದ ಮುರಿದ ಲೆಕ್ಕಗಳಲ್ಲಿ ಅರ್ಧಕ್ಕೂ ಜಾಸ್ತಿ ಇದೇ ತಪ್ಪಿನವು. ದಿನದ ಓಡಾಟಕ್ಕೆ ಇರುವ ರೊಕ್ಕ ಕಬ್ಬಿಣವಾಗಿ ಕೂತುಬಿಡುತ್ತದೆ.

2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು (ಬ್ಯಾಂಕುಗಳಿಗೆ ಅದು ಸಾಲ ಕೊಡುವ ದರ) ಶೇ 6.5ರಿಂದ 5.25ಕ್ಕೆ ಇಳಿಸಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಸಣ್ಣ ಉದ್ಯಮಕ್ಕೆ ಕೊಟ್ಟ ಹೊಸ ಫ್ಲೋಟಿಂಗ್ ಸಾಲಗಳು ರೆಪೊ ಥರದ ಹೊರಗಿನ ದರಕ್ಕೆ ಜೋಡಣೆ ಆಗಿರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬದಲಾಗಬೇಕು. ನಿಮ್ಮ ಸಾಲದ ಬಡ್ಡಿ ಇಳಿಯಿತೇ ಎಂದು ಸ್ಟೇಟ್‌ಮೆಂಟ್ ತೆಗೆದು ನೋಡಿ. ಇಳಿಯದಿದ್ದರೆ ಶಾಖೆಗೆ ಹೋಗಿ ಕೇಳಿ. ಕಂತು ತಪ್ಪುವ ಲಕ್ಷಣ ಕಂಡರೆ, ತಪ್ಪುವ ಮೊದಲೇ ಹೋಗಿ ಹೇಳಿ. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಅದಕ್ಕೆ ಮೊದಲು ಕೇಳಿದರೆ ಕಂತು ಮರುಹೊಂದಿಸುವ ಅವಕಾಶ ಇರುತ್ತದೆ. ನಾಚಿಕೆಯಿಂದ ಫೋನ್ ಎತ್ತದೆ ಕೂತವರಿಗೆ ಆ ಅವಕಾಶ ತಪ್ಪಿಹೋಗುತ್ತದೆ.

ಕೂಡಿಟ್ಟ ರೊಕ್ಕದ ಬಗ್ಗೆ ಒಂದು ಮಾತು. ನಮ್ಮ ಕಡೆ ಗಲ್ಲಿಗೊಂದು ಸೌಹಾರ್ದ ಸಹಕಾರಿ, ಪತ್ತಿನ ಸಂಘ. ಒಳ್ಳೆಯವು ಬಹಳ ಇವೆ. ಬೇಗ ಸಾಲ ಕೊಡುತ್ತವೆ, ಮುಖ ಪರಿಚಯ ಇರುತ್ತದೆ, ಬಡ್ಡಿಯೂ ಸ್ವಲ್ಪ ಜಾಸ್ತಿ. ಆದರೆ 5 ಲಕ್ಷದವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಮಾತ್ರ ಇದೆ. ಸೌಹಾರ್ದ, ಪತ್ತಿನ ಸಂಘಗಳಿಗೆ ಇಲ್ಲ. ನನ್ನ ಸ್ವಂತ ಮನೆಯ ರೊಕ್ಕ ಒಂದು ಸಂಘದಲ್ಲಿ ಎರಡು ವರ್ಷ ಸಿಕ್ಕಿಬಿದ್ದಿತ್ತು. ತಂಗಿಯ ಮದುವೆ ಮುಂದೆ ಹೋಯಿತು. ಅವತ್ತಿನಿಂದ ನಾನು ಹೇಳುವುದು ಇಷ್ಟೇ: ಕಷ್ಟದ ದಿನಕ್ಕೆ ಇಟ್ಟ ರೊಕ್ಕ ಬಡ್ಡಿಗೆ ಅಲ್ಲ, ಬೇಕಾದ ದಿನ ಕೈಗೆ ಸಿಗಲು. ಬಿಶಿಯನ್ನೂ (ಗೆಳೆಯರು ಸೇರಿ ಕಟ್ಟುವ ಚೀಟಿ) ಈ ಲೆಕ್ಕದಲ್ಲಿ ಸೇರಿಸಬೇಡಿ. ನಿಮ್ಮ ಪಾಳಿ ಕಷ್ಟದ ದಿನವೇ ಬರುತ್ತದೆ ಎಂದು ಯಾರು ಹೇಳಿದರು?

ಇನ್ನೊಂದು ಸಂಗತಿ ಲೆಕ್ಕದ ಪುಸ್ತಕದ ಹೊರಗಿನದು. 2020, 2021ರಲ್ಲಿ ಯಜಮಾನರನ್ನೇ ಕಳೆದುಕೊಂಡ ಮನೆಗಳಿಗೆ ನಾನು ಹೋಗಿದ್ದೇನೆ. ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ತಲೆಯಲ್ಲೇ ಇತ್ತು, ತಲೆಯೊಂದಿಗೇ ಹೋಯಿತು. ಕೊಡಬೇಕಾದವರು ಬಾಗಿಲಿಗೆ ಬರಲಿಲ್ಲ. ರೊಕ್ಕ ಬರಬೇಕಿದ್ದವರೆಲ್ಲ ಬಂದರು. ಆ ತಾಯಂದಿರ ಮುಖ ನನಗೆ ಈಗಲೂ ನೆನಪಾಗುತ್ತದೆ. ಉದ್ರಿ ಪಟ್ಟಿ, ಸಾಲದ ಕಾಗದ, ಪಾಸ್‌ವರ್ಡ್, ವಿಮೆ, ಇವು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ. ಹೆಂಡತಿಗೆ ಹೇಳಿ, ಮಗಳಿಗೆ ಹೇಳಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು.

ಪಾಡ್ಯದ ಪುಸ್ತಕದ ಕೊನೆಯ ಹಾಳೆ

ನಮ್ಮಲ್ಲಿ ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುತ್ತೇವೆ. ಮೊದಲ ಹಾಳೆಯ ಮೇಲೆ ಶ್ರೀ ಬರೆಯುತ್ತೇವೆ. ಕೆಲವು ವರ್ಷಗಳಿಂದ ನಾನು ಲೆಕ್ಕ ಬರೆಯುವ ಕಡೆಯಲ್ಲೆಲ್ಲ ಕೊನೆಯ ಹಾಳೆಯ ಮೇಲೂ ಏನಾದರೂ ಬರೆಸುತ್ತೇನೆ. "ಹೀಗಾದರೆ ಹೀಗೆ" ಎಂಬ ಮೂರು ನಾಲ್ಕು ಸಾಲು. ತಲೆ ತಣ್ಣಗಿದ್ದಾಗ ಬರೆದದ್ದು. ಪೆಟ್ಟು ಬಿದ್ದ ದಿನ ಯೋಚಿಸಲು ಆಗುವುದಿಲ್ಲ. ಅವತ್ತು ಮನುಷ್ಯ ಒಂದೋ ಏನೂ ಮಾಡದೆ ಕೂರುತ್ತಾನೆ, ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಮಾಡಿ ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುತ್ತಾನೆ. ಕೈ ಕೂತ ಮೋಲ್ಡರ್, ಸೆಟ್ಟಿಂಗ್ ಗೊತ್ತಿರುವ ಆಪರೇಟರ್ ಒಮ್ಮೆ ಪುಣೆಗೋ ಕೊಲ್ಹಾಪುರಕ್ಕೋ ಹೋದರೆ ಮತ್ತೆ ಬರುವುದು ಕಷ್ಟ. ಹಾಗಾಗಿ ಏನು ಮೊದಲು ನಿಲ್ಲಿಸಬೇಕು, ಏನು ಕೊನೆಗೆ ಎಂಬ ಸಾಲು ಮೊದಲೇ ಇರಬೇಕು.

ಒಂದು ಮಶೀನ್ ಶಾಪಿನ ಅಣ್ಣ ಒಬ್ಬರು 2025ರ ಪಾಡ್ಯಕ್ಕೆ ಬರೆದದ್ದನ್ನು ಅವರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ದೊಡ್ಡ ಗಿರಾಕಿಯ ಬಾಕಿ 90 ದಿನ ದಾಟಿದರೆ ಓವರ್‌ಟೈಮ್ ಬಂದ್, ಅವರ ಹೊಸ ಕೆಲಸ ಅರ್ಧ ಮಾತ್ರ. ಸ್ವಂತ ರೊಕ್ಕ 20 ದಿನಕ್ಕಿಂತ ಕೆಳಗೆ ಬಂದರೆ ಮನೆ ಖರ್ಚು 40,000ದಿಂದ 28,000ಕ್ಕೆ. ಹುಡುಗರ ಪಗಾರ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ, ಅದೂ ಅವರನ್ನು ಕೂರಿಸಿ ಲೆಕ್ಕ ತೋರಿಸಿದ ಮೇಲೆ. ಸ್ವಂತ ರೊಕ್ಕ 45 ದಿನ ದಾಟಿ ಮೂರು ತಿಂಗಳು ಹಾಗೇ ನಿಂತರೆ, ಎರಡನೇ ವಿಎಂಸಿ ಮಶೀನಿಗೆ ಅಡ್ವಾನ್ಸ್.

ಕೊನೆಯ ಸಾಲನ್ನು ಬರೆಯುವಾಗ ಅವರ ಮಗ ಒಪ್ಪಲಿಲ್ಲ. "ಈಗ ತಗೊಂಡ್ರ ರೇಟ್ ಕಡಿಮಿ ಐತಿ ಅಪ್ಪಾ, ಮುಂದ ಏರತೈತಿ," ಎಂದ. ಅವನ ಮಾತಿನಲ್ಲೂ ಹುರುಳಿದೆ. ಬಡ್ಡಿ ಇಳಿದಿರುವಾಗ, ಬೇರೆಯವರು ಹೆದರಿ ಕೂತಿರುವಾಗ ಮಶೀನು ಕೊಂಡು ಗೆದ್ದವರೂ ಇದ್ದಾರೆ. ಇಬ್ಬರೂ ಒಂದು ಗಂಟೆ ವಾದ ಮಾಡಿದರು. ಕೊನೆಗೆ 45 ದಿನ ಎಂಬುದನ್ನು ಹೊಡೆದು 40 ಮಾಡಿದರು, ಮೂರು ತಿಂಗಳು ಎಂಬುದನ್ನು ಎರಡು ಮಾಡಿದರು. ಕೆಳಗೆ ಇಬ್ಬರೂ ಸಹಿ ಹಾಕಿದರು. ಅವತ್ತು ಅವರ ಕೈಯಲ್ಲಿದ್ದದ್ದು 26 ದಿನದ ರೊಕ್ಕ. ಈಗ ಪ್ರತಿ ತಿಂಗಳು ಮೊದಲ ಸೋಮವಾರ ಮಗನೇ ದಿನ ಎಣಿಸಿ ಆ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾನೆ.